ಹಂಡೆ ಒಲೆಯ ಚಿಪ್ಪು

ಕಾರ್ಖಾನೆಯ ಹೊಗೆಯಿಂದ ಇಂಗಾಲವನ್ನು ಹಿಡಿಯಬಹುದು. ಹೀರಿಕೊಳ್ಳುವ ಸಾಮಗ್ರಿ ಮಾತ್ರ ಬಲು ದುಬಾರಿ. ಅದನ್ನು ಅಗ್ಗ ಮಾಡುವುದೇ ಹಾಸನದ ಕಾಲೇಜೊಂದರಲ್ಲಿ ನನ್ನ ಸಂಶೋಧನೆ. ತೆಂಗಿನ ಚಿಪ್ಪನ್ನು ಇದ್ದಿಲು ಮಾಡಿ, ಕಾದ ಹಬೆ ಹಾಯಿಸಿದರೆ ಅದರ ಮೈತುಂಬ ಕಣ್ಣಿಗೆ ಕಾಣದ ತೂತುಗಳಾಗುತ್ತವೆ. ಇಂಗಾಲದ ಡೈಆಕ್ಸೈಡ್ ಅಲ್ಲಿ ಅಂಟಿಕೊಳ್ಳುತ್ತದೆ. ನಮ್ಮ ಸೀಮೆಯಲ್ಲಿ ಚಿಪ್ಪಿಗೇನು ಬರ?

ಚಿಪ್ಪು ಕೊಟ್ಟವರು ಹಳೇಕೋಟೆಯ ನನ್ನ ದೊಡ್ಡಮ್ಮ. "ಅದ್ಯಾವ ಮಹಾ, ತಗಂಡೋಗು ಮಗ. ಬ್ಯಾರೆ ಮಡಗಿರ್ತೀನಿ" ಎಂದಿದ್ದರು. ಹೋದಾಗಲೆಲ್ಲ ಕಾರಿನ ಡಿಕ್ಕಿ ತುಂಬಿಸಿಕೊಂಡು ಬಂದೆ. ವಿಚಾರ ಸಂಕಿರಣದಲ್ಲಿ ಎದೆಯುಬ್ಬಿಸಿ ಹೇಳಿದೆ: ನಮ್ಮ ಕಚ್ಚಾವಸ್ತು ಬರೀ ಕಸ, ಪುಕ್ಕಟೆ. ಅರಕಲಗೂಡು, ಚನ್ನರಾಯಪಟ್ಟಣದ ಕಡೆಯವರೇ ಕೂತಿದ್ದ ಸಭೆ. ಚಿಪ್ಪಿನ ಉರಿಯಲ್ಲಿ ಕಾದ ನೀರು ಹುಯ್ದುಕೊಂಡೇ ಬೆಳೆದವರು ನಾವೆಲ್ಲ. ಅದು ಪುಕ್ಕಟೆ ಹೇಗಾಯಿತು ಎಂದು ಒಬ್ಬರೂ ಕೇಳಲಿಲ್ಲ, ಚಪ್ಪಾಳೆ ತಟ್ಟಿದರು.

ಹೋದ ಭಾನುವಾರ ಹೋಗಿದ್ದೆ. ದೊಡ್ಡಮ್ಮ ಬಲವಂತ ಮಾಡಿ ಕೂರಿಸಿ, ನೆತ್ತಿಗೆ ಹರಳೆಣ್ಣೆ ತಟ್ಟಿ ಬಚ್ಚಲಿಗೆ ಅಟ್ಟಿದರು. ಹಗಲಲ್ಲೂ ಕತ್ತಲಿರುತ್ತಿದ್ದ ಬಚ್ಚಲಲ್ಲಿ ಬಿಸಿಲು ಬಿದ್ದಿತ್ತು. ಕಿಟಕಿಯಲ್ಲಿ ಇಣುಕಿದೆ. ಹಿತ್ತಲ ಹೊಂಗೆ ಮರದ ಜಾಗದಲ್ಲಿ ಬುಡ ಮಾತ್ರ ಉಳಿದಿತ್ತು. ದೊಡ್ಡಮ್ಮ ಮಧ್ಯಾಹ್ನ ಕೂತು ಕಾಯಿ ಸುಲಿಯುತ್ತಿದ್ದದ್ದು ಅದರ ನೆರಳಲ್ಲೇ.

"ದೊಡ್ಡಮ್ಮ, ಮರ ಎಲ್ಲಿ?"

"ಕಡಿಸ್ಬುಟ್ಟೆ ಕಣ್ಲಾ. ಚಿಪ್ಪೆಲ್ಲ ನಿಂಗೆ ಕೊಟ್ಮ್ಯಾಕೆ ಅಂಡೆ ಒಲೆಗೆ ಏನಾರ ಬ್ಯಾಡ್ವಾ?" ಬಾಗಿಲಾಚೆಯಿಂದ ಮಾತು ಬಂತು.

"ಒಂದು ಮಾತು ಹೇಳಬಾರದಿತ್ತಾ?"

"ಯೋಳಿದ್ರೆ ನೀನು ತಗಂಡೋಯ್ತಿದ್ದಾ? ನಿನ್ ಕೆಲ್ಸ ನಿಂತೋಗ್ತಿತ್ತು."

ಬೈದಿದ್ದರೆ ಎಷ್ಟೋ ವಾಸಿಯಿತ್ತು. ನಾಚಿಕೆಯಿಂದ ಮೈಯೆಲ್ಲ ಹಿಡಿಯಾಯಿತು. ನನ್ನ ಇದ್ದಿಲು ಈವರೆಗೆ ಪ್ರಯೋಗಾಲಯದ ಗಾಜಿನ ಕೊಳವೆ ಬಿಟ್ಟು ಹೊರಗಿನ ಹೊಗೆಯನ್ನೇ ಕಂಡಿಲ್ಲ. ಹೊಂಗೆ ಮರ ಇಷ್ಟು ವರ್ಷ ಹಿಡಿದಿಟ್ಟಿದ್ದ ಇಂಗಾಲ ಮಾತ್ರ ಹಂಡೆಯ ಕೆಳಗೆ ಧಗಧಗ ಉರಿಯುತ್ತಿತ್ತು. ನೀರು ಹದವಾಗಿತ್ತು. ಎಣ್ಣೆ ಹೋಗುವವರೆಗೂ ಹುಯ್ದುಕೊಂಡೆ.

ಹೊರಡುವಾಗ ಜಗಲಿಯ ಮೇಲೆ ಚಿಪ್ಪಿನ ಮೂಟೆಗಳು ಕಾಯುತ್ತಿದ್ದವು. ಇನ್ನು ಬೇಡ, ಒಲೆಗೇ ಇರಲಿ ಎಂದೆ. ಪುಕ್ಕಟೆ ಎಂದಿದ್ದು ತಪ್ಪು, ಪ್ರಬಂಧದಲ್ಲಿ ಹಾಗೆ ಬರೆದಿದ್ದನ್ನು ತಿದ್ದುತ್ತೇನೆ ಎಂದೂ ಹೇಳಿದೆ. ಅದು ಅವರಿಗೆ ಬೇಕಿರಲಿಲ್ಲ. ಮುಖ ಸಣ್ಣದಾಯಿತು.

"ಇವನ್ನೂ ಬುಟ್ಟೋದ್ರೆ, ಮರ ಕಡ್ಸಿದ್ದು ಯಾಕ್ಲಾ?"

ನಾನು ಮೂಟೆಗಳನ್ನು ಒಂದೊಂದಾಗಿ ಹೊತ್ತು ಡಿಕ್ಕಿಗೆ ಹಾಕಿದೆ.