ಹದಿನಾಲ್ಕನೇ ಪುಟದ ಕಮಾನು

ರಂಗಂಪೇಟೆಯ ನಮ್ಮ ಮನೆಯಲ್ಲಿ ಮಿರ್ಚಿಭಜಿ ಕರಿದರೆ ನಾನು ತಟ್ಟೆ ಮುಟ್ಟುವುದಿಲ್ಲ. ಪಿತ್ತ ಎಂದು ಹೆಂಡತಿಗೆ ಹೇಳಿದ್ದೇನೆ. ಸುಳ್ಳು.

ನಾನು ಗುಮಾಸ್ತನಾಗಿದ್ದ ಪಂಚಾಯಿತಿ ಕಚೇರಿಯಲ್ಲಿ ಭಜಿಗೆ ಒಂದು ಹೊತ್ತಿತ್ತು. ದೊಡ್ಡ ಯೋಜನೆಗಳನ್ನು ಸದಸ್ಯರ ಸಭೆಯಲ್ಲಿ ಓದಿ ಒಪ್ಪಿಗೆ ಪಡೆಯಬೇಕು. ಮೊದಲ ಪುಟಗಳನ್ನು ಎಲ್ಲರೂ ಕಿವಿಗೊಟ್ಟು ಕೇಳುತ್ತಾರೆ. ಕೇಳಬಾರದ ಪುಟ ಬಂತೆಂದರೆ ಭಜಿ, ಚಹಾ ಒಳಗೆ ಬರುತ್ತಿದ್ದವು. ಆ ಗದ್ದಲದಲ್ಲಿ ಓದಿ ಮುಗಿಸಿದರೆ, ಬಾಯಲ್ಲಿ ಭಜಿ ಇಟ್ಟುಕೊಂಡೇ "ಮಂಜೂರ್, ಮಂಜೂರ್" ಎಂದು ಕೈ ಎತ್ತುತ್ತಿದ್ದರು. ಓದುವವನೂ ನಾನೇ, ಭಜಿಗೆ ಸನ್ನೆ ಮಾಡುವವನೂ ನಾನೇ.

ಕೊರೊನಾ ಕಳೆದ ಮೇಲೆ, ಕೂಲಿ ಕಳೆದುಕೊಂಡವರಿಗೆ ದುಡಿಮೆ ಸಿಗಲಿ ಎಂದು ಒಂದು ದೊಡ್ಡ ಯೋಜನೆ ಬಂತು. ಕೃಷಿಹೊಂಡ, ಕಾಲುವೆಯ ಹೂಳು, ಹೀಗೆ ಪುಟಗಟ್ಟಲೆ. ಹದಿನಾಲ್ಕನೇ ಪುಟದಲ್ಲಿ ಗೋಗಿ ಕಡೆಯ ಒಂದು ಹಳ್ಳಿಯ ಅಂಗನವಾಡಿಗೆ ಪೈಪು ಎಳೆದು ನಳ ಕೂಡಿಸುವ ಕೆಲಸವಿತ್ತು. ಅದನ್ನು ಬರೆಸಲು ಅಲ್ಲಿನ ಸಹಾಯಕಿ ಆಟೋ ಹಿಡಿದು ಎಷ್ಟು ಸಲ ಬಂದಿದ್ದರೋ. ನಾವೆಲ್ಲ ಆಕೆಯನ್ನು ಅಕ್ಕ ಎಂಬರ್ಥದಲ್ಲಿ ಆಪಾ ಎನ್ನುತ್ತಿದ್ದೆವು. ಮಕ್ಕಳ ಅಡುಗೆಗೆ ದಿನಾ ಡಾಂಬರು ರಸ್ತೆ ದಾಟಿ ನೀರು ಹೊತ್ತು ಹೊತ್ತು ಆಕೆಯ ಮೊಣಕಾಲು ಬಾತಿದ್ದವು.

ಸಭೆಯ ದಿನ ಬೆಳಿಗ್ಗೆ ಹಿರಿಯ ಸದಸ್ಯರೊಬ್ಬರು ನನ್ನ ಮೇಜಿಗೆ ಬಂದರು.

"ನಮ್ಮ ಓಣಿ ಮುಂದ ಒಂದು ಕಮಾನ ಆಗ್ಬೇಕು. ಇದರಾಗ ಸೇರ್ಸ್ರಿ."

"ಕೂಲಿಯವರ ಯೋಜನಿಗೂ ಕಮಾನಿಗೂ ಏನ್ ಸಂಬಂಧ್ರೀ ಯಜಮಾನ್ರ?"

"ಏ, ಕಮಾನ ಕಟ್ಟಾವ್ರು ಕೂಲಿಯವ್ರ ಅಲ್ಲೇನು? ಸುಮ್ನ ಬರೀರಿ."

ಎಂಥ ತರ್ಕ! ನಗು ಬಂತು, ಬರೆದೂಬಿಟ್ಟೆ. "ಪೂರಕ ಕಾಮಗಾರಿ" ಎಂದು ಹೆಸರಿಟ್ಟು, ಗುಂಪಿನಲ್ಲಿ ಗೋವಿಂದ. ಆದರೆ ಒಟ್ಟು ಹಣ ಹೆಚ್ಚಿಸುವಂತಿರಲಿಲ್ಲ, ಒಂದು ಸಾಲು ಹೋಗಲೇಬೇಕು. ಉಳಿದ ಸಾಲುಗಳ ಹಿಂದೆ ಜಗಳಕ್ಕೆ ಬರುವವರಿದ್ದರು. ಆಪಾನ ಹಿಂದೆ ಯಾರೂ ಇರಲಿಲ್ಲ. ನಳ ತೆಗೆದು ಆ ಜಾಗಕ್ಕೆ ಕಮಾನು ಕೂಡಿಸಿದೆ. ಅದನ್ನೇ ತೆಗೆ ಎಂದು ನನಗೆ ಯಾರೂ ಹೇಳಿರಲಿಲ್ಲ.

ಮಧ್ಯಾಹ್ನ ನೋಡಿದರೆ, ತನ್ನೂರಿನ ಸಾಲನ್ನು ಕಿವಿಯಾರೆ ಕೇಳಬೇಕೆಂದು ಆಪಾ ಬಾಗಿಲ ಬಳಿ ಕೂತಿದ್ದರು! ಹದಿಮೂರನೇ ಪುಟ ಮುಗಿಯುತ್ತಲೇ ಹೇಳಿದೆ:

"ಆಪಾ, ಸ್ವಲ್ಪ ಭಜಿ ಹಂಚ್ರಿ, ಕೊಡಾಕ ಮಂದಿ ಇಲ್ಲ."

ಆಕೆ ಸೆರಗು ಸಿಕ್ಕಿಸಿ ಎದ್ದರು. "ಭಾಳ ಖಾರ ಅದಾವ, ನೋಡ್ಕೊಂಡ ತಿನ್ರಿ" ಎಂದು ಒಬ್ಬೊಬ್ಬರಿಗೂ ಉಪಚಾರ ಮಾಡಿ ಕೊಟ್ಟರು. ಆ ಸದ್ದಿನಲ್ಲಿ ನಾನು ಗಡಗಡ ಓದಿದೆ. ಮಂಜೂರ್.

ಹೊರಗೆ ಬಂದಾಗ ಕೇಳಿದರು: "ನಮ್ಮ ನಳದ್ದು ಓದಿದ್ರಿಲ್ರೀ ಸಾಹೇಬ್ರ? ಭಜಿ ಗದ್ಲದಾಗ ಕೇಳಲಿಲ್ಲ ನೋಡ್ರಿ."

"ಓದೀನ್ರಿ ಆಪಾ," ಎಂದೆ.

ಕಮಾನು ಎದ್ದಿತು, ಬಣ್ಣವೂ ಆಯಿತು. ಒಂದು ದಿನ ಆಪಾ ಮಂಜೂರಾದ ಪಟ್ಟಿಯ ನಕಲು ಹಿಡಿದು ಬಂದರು. ಅದರಲ್ಲಿ ನಳ ಇಲ್ಲವೆಂದು ಅಂಗನವಾಡಿ ಟೀಚರ್ ಓದಿ ಹೇಳಿದ್ದರಂತೆ. ಬೈಯಲಿ, ಶಾಪ ಹಾಕಲಿ ಎಂದು ತಲೆ ತಗ್ಗಿಸಿ ಕೂತೆ.

"ತಪ್ಪು ನಂದಾ ಐತ್ರಿ ಸಾಹೇಬ್ರ," ಎಂದರು. "ನೀವು ಓದೂ ಹೊತ್ತಿನ್ಯಾಗ ನಾ ಭಜಿ ಹಂಚ್ಕೋತ ತಿರಗಾಡಿದೆ. ಕಿವಿಗೊಟ್ಟು ಕೇಳಿದ್ರ, ನಮ್ಮದು ಬಿಟ್ಟೀರಿ ಅಂತ ಅಲ್ಲೇ ನೆನಪ ಮಾಡ್ತಿದ್ದೆ."

ಥೂ ನನ್ನ ಜನ್ಮಕ್ಕೆ!

"ಇರ್ಲಿ ಬಿಡ್ರಿ ಆಪಾ," ಎಂದೆ. "ತಪ್ಪು ಯಾರ ಕಡಿಂದ ಆಗಂಗಿಲ್ಲ?"