ಪಾರೆಗೆ ಗುರುತು ನೆಡುವ ನಮ್ಮ ಮಾವ

ನಮ್ಮ ಮಾವ ದೂಜ ಮಲ್ಪೆ ಕಡೆಯವರು. ಮಲಾಡಿನ ಖಾಡಿ ಎಂಬ ಹಿನ್ನೀರಿನಾಚೆ ಇರುವ ಈ ಮೀನುಗಾರರ ಕೋಳಿವಾಡದಲ್ಲಿ ನಲವತ್ತು ವರ್ಷ ಬೋಟಿನಲ್ಲಿ ದುಡಿದರು. ಊರಿಗೂ ಎದುರಿನ ದ್ವೀಪಕ್ಕೂ ನಡುವೆ ಸಣ್ಣದೊಂದು ಕಲ್ಲಿನ ಪಾರೆ ಇದೆ. ಅದರ ತುದಿ ಇಳಿತದಲ್ಲೂ ನೀರಿನ ಮೇಲೆ ಕಾಣುವುದಿಲ್ಲ. ಮಾವ ಬಂದ ವರ್ಷವೇ ಅವರ ಬೋಟು ಅದಕ್ಕೆ ಬಡಿದು ಜೊತೆಗಾರನೊಬ್ಬ ಮುಳುಗಿದ. ಅಂದಿನಿಂದ ಮಳೆಗಾಲ ಕಳೆದು ಬೋಟು ಇಳಿಯುವ ಮೊದಲು ಆ ತುದಿಗೆ ತಾಗಿದ ಕೆಸರಿನಲ್ಲಿ ಕೆಂಪು ಬಟ್ಟೆ ಕಟ್ಟಿದ ಬಿದಿರು ನೆಡುವುದು ಅವರ ಕೆಲಸ. ಯಾರೂ ಹೇಳಿದ್ದಲ್ಲ.

ಗುರುತು ಸುಲಭ. ಅತ್ತ ದ್ವೀಪದ ಮೂಲೆ, ಇತ್ತ ದಡದ ಶಿಲುಬೆ. ನಡುವಿನ ನೇರ ಗೆರೆಯಲ್ಲಿ ಬಿದಿರು ನಿಲ್ಲಬೇಕು.

ಮೊನ್ನೆ ನೆಟ್ಟು ಬಂದರು. ನಿನ್ನೆ ಮಗಳು ಶ್ರೇಯಾಳನ್ನು ಎತ್ತಿಕೊಂಡು ಶಿಲುಬೆಯ ಬುಡದಲ್ಲಿ ನಿಂತೆ. ಬಿದಿರು ಗೆರೆಯಲ್ಲಿರಲಿಲ್ಲ. ಆಚೆಗಿನ ಮೊಬೈಲ್ ಟವರಿನ ಕೆಳಗೆ ಹೋಗಿ ನೋಡಿದೆ, ಅಲ್ಲಿಂದ ಸರಿಯಾಗಿ ನೇರ! ಮಾವನ ಕಣ್ಣಿಗೆ ಟವರೇ ಶಿಲುಬೆಯಾಗಿತ್ತು. ನಾಳೆ ಬೆಳಿಗ್ಗೆ ಬೋಟುಗಳು ಹೊರಡುತ್ತವೆ.

"ಅಪ್ಪನಿಗೆ ಹೇಳ್ಬೇಡ ಮಾರಾಯ್ತಿ," ಎಂದರು ನನ್ನ ಗಂಡ ಸಂದೀಪ. "ಬೋಟಿನ ಅನಿಕೇತನ ಹತ್ರ ಸದ್ದಿಲ್ಲದೆ ಸರಿ ಮಾಡಿಸುವ."

"ಬರುವ ವರ್ಷವೂ ತಪ್ಪಿದ್ರೆ? ಆಗ ನಾವು ನೋಡದಿದ್ರೆ?"

ನಾನೇ ಹೇಳಿದೆ. ಮಾವ ಕೈಯಲ್ಲಿದ್ದ ಬಲೆ ಕೆಳಗಿಟ್ಟರು. ಆಮೇಲೆ, "ಎಷ್ಟು ದೂರ ತಪ್ಪಿದೆ ಮಗಾ?" ಎಂದರು.

"ಎರಡು ಬೋಟಿನಷ್ಟು, ಮಾವ."

"ಹಾಗಾದ್ರೆ ಗುರುತು ನಂಬಿ ಬಂದವ ಹೋದ."

ಇವತ್ತು ಮಧ್ಯಾಹ್ನ ತಾಂಡೇಲ ಅನಿಕೇತ್ ಸಣ್ಣ ದೋಣಿ ಹೋಡಿ ತೆಗೆದುಕೊಂಡು ಪಾರೆಗೆ ಹೋದ. ಬೋಟು ನಡೆಸುವವನು, ನಾಲಗೆಯೂ ಉದ್ದ. ಫೋನಿನಲ್ಲಿ ನಗುತ್ತಾ, "ಬಾಬಾ, ಟವರಿಗೆ ನೆಟ್ಟದ್ದಲ್ವಾ, ಇಲ್ಲಿ ನೆಟ್‌ವರ್ಕ್ ಭಾರೀ ಉಂಟು!" ಎಂದ. ಮಾವನೂ ನಕ್ಕರು. ಆ ನಗು ನನಗೆ ನೋಡಲಾಗಲಿಲ್ಲ.

ಶಿಲುಬೆಯ ಬುಡದಲ್ಲಿ ನಾನೂ ಮಾವನೂ ನಿಂತೆವು. ಫೋನು ಅವರ ಕೈಯಲ್ಲಿ. ನಾನು ಮೆಲ್ಲಗೆ "ಎಡಕ್ಕೆ" ಎಂದರೆ, ಅವರು "ಎಡಕ್ಕೆ ತಗೊಳ್ಳೋ!" ಎಂದು ಗದರುವರು. ನಾನು "ಸಾಕು" ಎಂದೆ. ಅವರು ಅದನ್ನು ಫೋನಿಗೆ ಹೇಳದೆ ಸಮುದ್ರದ ಕಡೆ ಕಣ್ಣು ಕಿರಿದು ಮಾಡಿ ನಿಂತೇ ಇದ್ದರು. ಅನಿಕೇತ್ ಎರಡು ಸಲ "ಬಾಬಾ?" ಎಂದ.

ಕೊನೆಗೆ ಫೋನನ್ನು ನನ್ನ ಕೈಗೆ ಕೊಟ್ಟರು.

"ನೀನೇ ಹೇಳು ಮಗಾ. ನನಗೆ ನೀರು ಬಿಟ್ಟು ಏನೂ ಕಾಣುವುದಿಲ್ಲ."

"ಅಲ್ಲೇ ನೆಡಿ," ಎಂದೆ.