ಹೊಡೆದು ಹಿಂದೆ ಸರಿಯುವ ಮಂತ್ರ

ಅಣ್ಣಿಗೇರಿಯ ನಮ್ಮ ಓಣಿಯ ಟೇಲರ್ ಕಾಕಾ ಭಾನುವಾರ ಮಧ್ಯಾಹ್ನ ಬಟ್ಟೆ ಕತ್ತರಿಸುವ ಮೇಜನ್ನು ನಮಗೆ ಬಿಟ್ಟುಕೊಟ್ಟು, ತಾವೂ ಆಟಕ್ಕೆ ಕೂಡುತ್ತಿದ್ದರು. ದಾಳ ಉರುಳಿಸಿ ಆಡುವ, ಖಡ್ಗ ಮತ್ತು ರಾಕ್ಷಸರ ಕಥೆಯಾಟ ಅದು. ಅಂಗಿಯ ಗುಂಡಿಗಳೇ ನಮ್ಮ ವೀರರು. ಯಾರು ಯಾವ ಏಟು ಹೊಡೆದರು ಎಂದು ಬರೆದಿಡುವ ಕೆಲಸ ನನ್ನದು.

ಕಾಕಾನ ಮತ್ತು ನನ್ನ ಖಡ್ಗಕ್ಕೆ ಗುಡುಗಿನ ಮಂತ್ರವಿತ್ತು. ಏಟು ತಿಂದ ವೈರಿ ತಾನಾಗಿ ಹೆಜ್ಜೆ ಇಟ್ಟರೆ ಮಾತ್ರ ಅವನ ಮೈಮೇಲೆ ಗುಡುಗು ಸಿಡಿಯುತ್ತಿತ್ತು. ನಾನೋ ಹೊಡೆದು ಅಲ್ಲೇ ನಿಲ್ಲುತ್ತಿದ್ದೆ.

"ಬಾಜೂಕ ನಿಂತ್ರ ಅವ ಯಾಕ ಸರದಾನು? ಹೊಡದು ಹಿಂದ ಸರಿ ಲೇ!" ಎಂದು ಕಾಕಾ ನನ್ನ ಗುಂಡಿಯನ್ನು ಹಿಂದಕ್ಕೆ ಎಳೆಯುತ್ತಿದ್ದರು.

"ಅವ ಸರೀಲೇ ಇಲ್ಲಂದ್ರ?"

"ದೂರಿಂದ ಬಾಣ ಬಿಡು. ನಿಂತ್ರ ಉಳದಂಗಲ್ಲ."

ಈ ಮಳೆಗಾಲದಲ್ಲಿ ಸಕ್ಕರೆ ಕಾಯಿಲೆಯಿಂದ ಅವರ ಬಲಗಾಲಿನ ಬೆರಳುಗಳು ಕಪ್ಪಾದವು. ಪಾದ ತೆಗೆಯದಿದ್ದರೆ ಜೀವ ಉಳಿಯದು ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿದರು. ಅದು ಮಷಿನ್ ತುಳಿಯುವ ಕಾಲು.

ಆಸ್ಪತ್ರೆಗೆ ಒಯ್ಯಲು ಗಾಡಿ ಬಂದು ಅಂಗಡಿಯ ಮುಂದೆ ನಿಂತಿತು. "ಏಳ್ರಿ, ಹೋಗೂಣು," ಎಂದು ಅವರ ಹೆಂಡತಿ ಕಾಕೂ ತೋಳು ಹಿಡಿದರು.

"ಸರದ್ರ ಸಿಡೀತದ," ಎಂದು ಕಾಕಾ ನನ್ನ ಕಡೆ ನೋಡಿ ನಕ್ಕರು.

"ನಿಂತ್ರ ಉಳದಂಗಲ್ಲ ಅಂತ ಹುಡುಗ್ರಿಗೆ ನೀವ ಹೇಳ್ತಿದ್ರೆಲ್ರಿ?" ಎಂದರು ಕಾಕೂ.

ಕಾಕಾ ತೋಳು ಬಿಡಿಸಿಕೊಂಡರು. ಪಟ್ಟಿ ಕಟ್ಟಿದ ಆ ಕಾಲಿನಿಂದಲೇ ಮಷಿನ್ ತುಳಿಯತೊಡಗಿದರು. ಸೂಜಿಯಲ್ಲಿ ದಾರ ಇರಲಿಲ್ಲ.

ಗಾಡಿ ಖಾಲಿ ಹೋಯಿತು. ದೀಪಾವಳಿಯ ಹೊತ್ತಿಗೆ ಕಾಕಾ ಇರಲಿಲ್ಲ.